ಗಾಳಿ ಯಾವ ಕಡೆಗೆ

ಆ ಪಾಠ ಹೇಳಿ ಹೇಳಿ ರಮಿತಾಳಿಗೆ ಸಾಕಾಗಿತ್ತು. ವರ್ತಕ ನಗರದ ಮನೆಯಿಂದ ಠಾಣೆ ಸ್ಟೇಷನ್ನಿಗೆ ಬಸ್ಸು, ಅಲ್ಲಿಂದ ಲೋಕಲ್ ರೈಲು, ಡೊಂಬಿವಲಿಯಲ್ಲಿ ಇಳಿದು ಶೇರ್ ರಿಕ್ಷಾ. ಎಂಐಡಿಸಿ ಕಾರ್ಖಾನೆ ಪ್ರದೇಶದ ಬದಿಯ ಆ ಕನ್ನಡ ಶಾಲೆ ಮುಟ್ಟುವಷ್ಟರಲ್ಲಿ ಅವಳ ಅರ್ಧ ಜೀವ ಹೋಗಿರುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳು. ಎಂದಿನಂತೆ ಬೋರ್ಡಿನ ಮೇಲೆ ಬರೆದಳು: ಜವ ಎಂದರೆ ಎಷ್ಟು ಬೇಗ ಎಂಬುದು, ವೇಗ ಎಂದರೆ ಎಷ್ಟು ಬೇಗ, ಜೊತೆಗೆ ಯಾವ ದಿಕ್ಕಿಗೆ ಎಂಬುದು.

ಮಾಲಾ ಎದ್ದು ನಿಂತಳು. ಕಲಬುರಗಿ ಕಡೆಯ ಹುಡುಗಿ. ಅವಳ ತಾಯಿ ಶರಣಬಸಮ್ಮ ಎಂಐಡಿಸಿಯ ಒಂದು ಗೋಡೌನಿನಲ್ಲಿ ಚೀಲ ಹೊರುತ್ತಿದ್ದಳು.

"ಎರಡೂ ಜೋರ ಹೋಗೂದೇ ಅಲ್ಲೇನ್ರಿ ಟೀಚರ್? ದಿಕ್ಕು ಯಾಕ ಬೇಕ್ರಿ ಅದಕ್ಕ?"

ಡೊಂಬಿವಲಿಯಿಂದ ಒಂದೇ ಜವದಲ್ಲಿ ಒಂದು ರೈಲು ಕಲ್ಯಾಣಕ್ಕೂ ಇನ್ನೊಂದು ಎದುರು ದಿಕ್ಕಿನ ಠಾಣೆಗೂ ಹೊರಟರೆ ಅವುಗಳ ವೇಗ ಬೇರೆ ಬೇರೆ ಎಂದು ರಮಿತಾ ಹೇಳಿದಳು. ಮಾಲಾ ತಲೆಯಾಡಿಸಿ ಕೂತಳು, ಒಪ್ಪಿದಂತೆ ಕಾಣಲಿಲ್ಲ. ಇನ್ನಷ್ಟು ಬಿಡಿಸಿ ಹೇಳುವ ತ್ರಾಣ ರಮಿತಾಳಿಗಿರಲಿಲ್ಲ. ಪರೀಕ್ಷೆಗೆ ಬರುತ್ತದೆ, ಬಾಯಿಪಾಠ ಮಾಡಿ ಎಂದುಬಿಟ್ಟಳು.

ಊಟದ ಬಿಡುವಿನ ಹೊತ್ತಿಗೆ ವಾಸನೆ ಬಂತು. ಅಲ್ಲಿ ವಾಸನೆ ಹೊಸದಲ್ಲ, ಕಿಟಕಿ ಹಾಕಿಕೊಂಡರೆ ಆಯಿತು. ಆದರೆ ಅಂದು ಗಂಟಲೇ ಕಟ್ಟಿತು. ಮಕ್ಕಳು ಕೆಮ್ಮತೊಡಗಿದರು. ಟೀಚರುಗಳ ಫೋನಿಗೆ ಮೆಸೇಜ್ ಬಂತು: ಯಾವುದೋ ಕಾರ್ಖಾನೆಯಲ್ಲಿ ಗ್ಯಾಸ್ ಸೋರಿದೆ, ಗಾಳಿಯ ಬೀಸು ನಿಧಾನ ಇದೆ, ಹೆದರಬೇಡಿ, ಬೇಗ ದೂರ ಹೋಗಿ. ಹೆಡ್‌ಮಾಸ್ತರ್ ವಸಂತಕುಮಾರ್ ಓಡಿ ಬಂದು, ಮಕ್ಕಳನ್ನು ಮುಂದಿನ ಗೇಟಿನಿಂದ ಸ್ಟೇಷನ್ ರಸ್ತೆಗೆ ಬಿಡಲು ಹೇಳಿದರು.

ಮೆಟ್ಟಿಲಿಳಿದ ರಮಿತಾ ತಲೆಯೆತ್ತಿದಳು. ಎದುರಿನ ಕಟ್ಟಡದಲ್ಲಿ ಒಣಹಾಕಿದ್ದ ಸೀರೆಗಳ ಸೆರಗೆಲ್ಲ ಸ್ಟೇಷನ್ ಕಡೆಗೇ ಎದ್ದಿತ್ತು. ಅವುಗಳಾಚೆ ಹಳದಿ ಹೊಗೆ, ಅದೂ ಅತ್ತಲೇ, ಮನುಷ್ಯ ನಡೆಯುವಷ್ಟು ನಿಧಾನವಾಗಿ ಸಾಗಿತ್ತು. ನಿಧಾನ ಎಂದವರು ಯಾವ ಕಡೆಗೆ ಎಂದು ಹೇಳಿರಲಿಲ್ಲ.

"ಸರ್, ಆ ಕಡೆ ಬೇಡ. ಗಾಳಿ ಅತ್ತಲೇ ಹೋಗ್ತಾ ಉಂಟು. ಮಕ್ಕಳು ಎಲ್ಲಿ ಸುಸ್ತಾಗಿ ನಿಲ್ತಾರೋ ಅಲ್ಲಿ ಹೊಗೆ ಬಂದು ಮುಟ್ತದೆ."

"ಮತ್ತೆಲ್ಲಿಗೆ ಹೋಗುದು ಮಾರಾಯ್ತಿ?"

"ಗಾಳಿಗೆ ಅಡ್ಡವಾಗಿ, ಪಕ್ಕಕ್ಕೆ. ಹಿಂದಿನ ಗೇಟಿಂದ, ಮೈದಾನ ದಾಟಿ."

ಊರೆಲ್ಲ ಸ್ಟೇಷನ್ ಕಡೆ ಓಡುವಾಗ ನಿಮ್ಮದೊಂದು ಬೇರೆಯೇ ಎಂದು ಅವರು ರೇಗಿದರು. ಅಷ್ಟರಲ್ಲಿ ಕೆಮ್ಮು ಬಂದು ಸೊಂಟ ಹಿಡಿದು ಬಗ್ಗಿದರು. ಬಗ್ಗಿಕೊಂಡೇ ಕೀಲಿಗೊಂಚಲು ಚಾಚಿದರು.

ಒದ್ದೆ ಕರವಸ್ತ್ರ ಮೂಗಿಗೆ ಹಿಡಿದು ಮಕ್ಕಳು ಮೈದಾನ ದಾಟಿದರು. ಒಂದೆರಡು ಗಲ್ಲಿ ಕಳೆಯುವಷ್ಟರಲ್ಲಿ ವಾಸನೆ ತೆಳ್ಳಗಾಯಿತು, ಆಮೇಲೆ ಇಲ್ಲವೇ ಆಯಿತು. ಒಂದು ವಸತಿ ಸೊಸೈಟಿಯ ಕಾಂಪೌಂಡಿಗೆ ಒರಗಿ ಎಲ್ಲರೂ ಕುಸಿದು ಕೂತರು. ರಮಿತಾ ತಲೆ ಎಣಿಸಿದಳು, ಎಲ್ಲರೂ ಇದ್ದರು. ಮಾಲಾ ಮಾತ್ರ ತಾಯಿಗೆ ಫೋನ್ ಹಚ್ಚುತ್ತಲೇ ಇದ್ದಳು, ಯಾರೂ ಎತ್ತಲಿಲ್ಲ.

ಸಂಜೆ ಶರಣಬಸಮ್ಮ ಆಸ್ಪತ್ರೆಯಲ್ಲಿ ಸಿಕ್ಕಳು. ಮುಖಕ್ಕೆ ಆಕ್ಸಿಜನ್ ಮಾಸ್ಕ್. ಗೋಡೌನಿನಿಂದ ಹೊರಬಿದ್ದವಳು ಜನರ ಜೊತೆ ಸ್ಟೇಷನ್ ರಸ್ತೆ ಹಿಡಿದಿದ್ದಳು. ಉಸಿರು ಕಟ್ಟಿ ರಸ್ತೆಬದಿ ಕೂತಾಗ ಹಿಂದಿನಿಂದ ಹೊಗೆ ಬಂದು ಮುಚ್ಚಿತ್ತು. ಜೀವಕ್ಕೆ ಅಪಾಯವಿಲ್ಲ, ಆದರೆ ಎದೆ ಸುಧಾರಿಸಲು ದಿನ ಹಿಡಿಯುತ್ತದೆ ಎಂದರು ಡಾಕ್ಟರು.

ಮಾಲಾ ತಾಯಿಯ ಕಾಲು ಒತ್ತುತ್ತ ಮೆಲ್ಲಗೆ ಹೇಳಿದಳು: "ಅವ್ವ ಭಾಳ ಜೋರ ಓಡ್ಯಾಳ್ರಿ ಟೀಚರ್. ಎಲ್ಲಾರಕಿಂತ ಮುಂದ ಇದ್ಲಂತ. ಆದ್ರ ಹೊಗಿ ಹೋಗೂ ಕಡೀಗೇ ಓಡ್ಯಾಳ." ತಾಯಿಯ ಹೊದಿಕೆ ಸರಿಮಾಡಿ ಅಂದಳು, "ದಿಕ್ಕು ಯಾಕ ಬೇಕಂತ ಈಗ ತಿಳೀತ್ರಿ."

ತರಗತಿಯಲ್ಲಾಗಿದ್ದರೆ ರಮಿತಾ ಶಾಬಾಸ್ ಎನ್ನುತ್ತಿದ್ದಳು. ಈಗ ಮಾಲಾಳ ಬೆನ್ನ ಮೇಲೆ ಕೈಯಿಟ್ಟಳು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ತನಗೂ ತಿಳಿದದ್ದು ಇವತ್ತೇ ಏನೋ ಅನ್ನಿಸಿತು.

ಶರಣಬಸಮ್ಮ ಮಾಸ್ಕ್ ಸರಿಸಿ, ಸಾಲಿ ಮಕ್ಕಳಿಗೆ ಏನೂ ಆಗಿಲ್ಲವಲ್ಲ ಎಂದು ಕೇಳಿದಳು. ಇಲ್ಲ ಎಂದು ರಮಿತಾ ಮಾಸ್ಕನ್ನು ಮತ್ತೆ ಕೂರಿಸಿದಳು. ರಮಿತಾಳ ಕಣ್ಣೂ ಉರಿಯುತ್ತಿತ್ತು. ಎದ್ದು ಹೊರಡುವ ಶಕ್ತಿಯಿರಲಿಲ್ಲ. ಇವತ್ತು ತಡ ಎಂದು ಮನೆಗೆ ಫೋನ್ ಮಾಡಿ, ಅವಳು ಮಾಲಾಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು.