ಮೂರನೆಯ ಮುಳುಗು

ಯಾಸ್ನಾ ನಮ್ಮ ಬ್ಲಾಂಕಿಯಾ ಕೊಲ್ಲಿಗೆ ಬಂದಾಗ ಅವಳನ್ನು ಮೊದಲು ಗೇಲಿ ಮಾಡಿದವನು ನನ್ನ ತಮ್ಮ ಎಲಿಯೆಸರ್. ನನ್ನ ಊಟದಂಗಡಿಯಲ್ಲಿ, ಚಿಪ್ಪು ತೆಗೆಯಲು ಕಡಲಲ್ಲಿ ಮುಳುಗುವವರೆಲ್ಲ ಬೆಳಗಿನ ಚಹಾಕ್ಕೆ ಕೂತಿದ್ದರು. ಇವರು ವಿಶ್ವವಿದ್ಯಾಲಯದ ಡಾಕ್ಟರು ಎಂದು ಯಾರೋ ಪರಿಚಯ ಮಾಡಿಸಿದರು. ಎಲಿಯೆಸರ್ ತಕ್ಷಣ ಎದ್ದು ಅಂಗಿ ಎತ್ತಿ ಬೆನ್ನು ತೋರಿಸಿದ.

"ಸ್ವಲ್ಪ ನೋಡಿ ಡಾಕ್ಟ್ರಮ್ಮ, ಇಲ್ಲೇ ಹಿಡ್ಕೊಂಡಿದೆ. ಏನಾದ್ರೂ ಮಾತ್ರೆ ಕೊಡ್ತೀರಾ?"

"ನಾನು ಆ ಡಾಕ್ಟರಲ್ಲ. ಕಡಲಕಳೆ ಡಾಕ್ಟರು."

"ಹಂಗಾದ್ರೆ ನಮ್ಮ ವಾಲ್ದೋನ ನೋಡಿ. ಅವನ ತಲೇಲಿ ಬೆಳೆದಿರೋದು ಬರೀ ಅದೇ."

ವಾಲ್ದೋ ನಮ್ಮ ಮೀನುಗಾರರ ಸಂಘದ ಮುಖ್ಯಸ್ಥ, ದೋಣಿಯ ಮಾಲೀಕ. ಅವನೂ ನಕ್ಕ. ಆ ದಿನವೇ ಯಾಸ್ನಾ ನನ್ನ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಳು.

ಒಳನಾಡಿನ ಗಣಿ ಊರಿನ ಹುಡುಗಿ. ಹುಡುಗಿ ಎಂದರೂ ಮೂವತ್ತಾರು ತುಂಬಿತ್ತು. ಅಪ್ಪ ತಾಮ್ರದ ಗಣಿಯ ಧೂಳು ಕುಡಿದು ಸತ್ತಿದ್ದ. ಓದಿನಲ್ಲಿ ಇನ್ನು ಮೆಟ್ಟಿಲೇ ಇಲ್ಲ ಎನ್ನುವಷ್ಟು ಓದಿದ್ದಳು, ಆದರೆ ಕಾಯಂ ಕೆಲಸ ಸಿಕ್ಕಿರಲಿಲ್ಲ. ಒಂದು ಯೋಜನೆ ಮುಗಿದರೆ ಇನ್ನೊಂದು, ಒಬ್ಬ ಪ್ರೊಫೆಸರ್ ಬಿಟ್ಟರೆ ಇನ್ನೊಬ್ಬ, ಹೀಗೇ ವರ್ಷಗಳು ಹೋಗಿದ್ದವು. ಅದಕ್ಕೆ ಪೋಸ್ಟ್‌ಡಾಕ್ ಎನ್ನುತ್ತಾರಂತೆ.

"ಅಂದ್ರೆ ಡಾಕ್ಟರಾದ ಮೇಲೆ ಏನು ಮಾಡೋದು?" ಎಂದು ನಾನು ಕೇಳಿದ್ದೆ.

"ಡಾಕ್ಟರಾದ ಮೇಲೆ ಕಾಯೋದು, ನೋಲ್ಫಕ್ಕ."

ಅವಳು ಬಂದದ್ದು ಹುಯಿರೊ ನೆಡುವುದಕ್ಕೆ. ಹುಯಿರೊ ಎಂದರೆ ನಮ್ಮ ಬಂಡೆಗಳ ಮೇಲೆ ಆಳುದ್ದ ಬೆಳೆಯುವ ಕಂದು ಕಡಲಕಳೆ. ಅದರ ನೆರಳಿದ್ದರೆ ಮೀನು, ಚಿಪ್ಪು, ಏಡಿ ಎಲ್ಲ ಇರುತ್ತವೆ. ವ್ಯಾಪಾರಿಗಳು ಲಾರಿ ತಂದು ನಿಲ್ಲಿಸಿದ ಕಾಲದಲ್ಲಿ ನಾವೇ ಹಾರೆ ಹಾಕಿ ಬುಡಸಮೇತ ಮೀಟಿ ಮಾರಿದ್ದೆವು. ಆಮೇಲೆ ಕೊಲ್ಲಿಯ ತಳ ಬೋಳಾಯಿತು. ಮುಳ್ಳಿನ ಚೆಂಡಿನಂಥ ಕಪ್ಪು ಮುಳ್ಳುಚಿಪ್ಪುಗಳು ಎಲ್ಲೆಲ್ಲೂ ಹಬ್ಬಿ, ಚಿಗುರಿದ್ದನ್ನೆಲ್ಲ ಮೇದು ಹಾಕಿದವು. ಯಾಸ್ನಾ ತೊಟ್ಟಿಯಲ್ಲಿ ಸಸಿ ಬೆಳೆಸಿ ತರುತ್ತಿದ್ದಳು. ಮುಳ್ಳುಚಿಪ್ಪು ಕೆರೆದು ತೆಗೆದು, ಸಸಿಯನ್ನು ಬಂಡೆಗೆ ಕಟ್ಟಿ, ಪ್ರತಿ ಸಸಿಗೂ ಹಳದಿ ಪ್ಲಾಸ್ಟಿಕ್ ಚೀಟಿ ಸಿಕ್ಕಿಸಬೇಕಿತ್ತು. ಆ ಕೆಲಸಕ್ಕೆ ಎಲಿಯೆಸರ್ ಜೊತೆಯಾದ.

ಅವನಿಗೆ ಅದು ಹಿಡಿಸಿಬಿಟ್ಟಿತು. "ಅಕ್ಕ, ಇಷ್ಟು ವರ್ಷ ಕಡಲಿಂದ ತೆಗ್ದಿದ್ದೇ ತೆಗ್ದಿದ್ದು. ಇಡೋದು ಇದೇ ಮೊದಲು," ಎನ್ನುತ್ತಿದ್ದ. ಊಟಕ್ಕೆ ಕೂತರೆ ಇಬ್ಬರಿಗೂ ಅದೇ ಮಾತು. ಎರಡನೆಯ ವರ್ಷಕ್ಕೆ ಸಸಿಗಳು ಅವನ ಸೊಂಟದ ಮಟ್ಟಕ್ಕೆ ಬಂದಿದ್ದವು.

ನಮ್ಮ ಕಡೆ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ. ಆ ವರ್ಷದ ಚಳಿಗಾಲ ಕಡಲು ಕೆರಳಿ ಕೂತಿತು. ವಾರಗಟ್ಟಲೆ ದೋಣಿ ನೀರಿಗಿಳಿಯಲಿಲ್ಲ. ಫೋನಿಗೆ ಸಿಗ್ನಲ್ ಸಿಗುವುದು ನನ್ನ ಅಡುಗೆಮನೆಯ ಕಿಟಕಿಯ ಬಳಿ ಮಾತ್ರ. ಹಾಗಾಗಿ ಯೋಜನೆ ನಡೆಸುತ್ತಿದ್ದ ಪ್ರೊಫೆಸರ್ ಬರ್ನಾಲೆಸ್ ಜೊತೆ ಯಾಸ್ನಾ ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು, ಅವಳ ಕಡೆಯದಷ್ಟೇ.

"ಗೊತ್ತು ಸರ್, ವರದಿ ತಡವಾಗ್ತಿದೆ... ಇಲ್ಲ ಸರ್, ಎಷ್ಟು ಸಸಿ ಉಳಿದಿವೆ ಅಂತ ಎಣಿಸದೆ ಹೇಗೆ ಬರೀಲಿ?... ಸರಿ. ಎಲಿಯೆಸರಣ್ಣನ ವಿಮೆ ಏನಾಯ್ತು?... ಮುಂದಿನ ತಿಂಗಳು ಅಂತ ಹೋದ ತಿಂಗಳೂ ಹೇಳಿದ್ರಿ."

ಫೋನ್ ಇಟ್ಟು ಬಂದು ನನ್ನ ಜೊತೆ ಬಟಾಟೆ ಸುಲಿದಳು.

ಒಂದು ಮಂಗಳವಾರ ಕಡಲು ತಣ್ಣಗಾಯಿತು. ಮರುದಿನ ಮತ್ತೆ ಗಾಳಿ ಏಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ವಾಲ್ದೋನ ದೋಣಿಯಲ್ಲಿ ಅವನು, ಯಾಸ್ನಾ, ಎಲಿಯೆಸರ್ ಮೂವರೂ ಹೊರಟರು. ಅಲ್ಲಿ ನಡೆದದ್ದನ್ನು ಮೂವರಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ, ಮೂವರೂ ಹೇಳಿದ್ದು ಒಂದೇ. ಬೆಳಿಗ್ಗೆ ಯಾಸ್ನಾ ಮತ್ತು ಎಲಿಯೆಸರ್ ಒಟ್ಟಿಗೇ ಮುಳುಗಿ ಒಂದು ಬಂಡೆಸಾಲು ಎಣಿಸಿದರು. ವಿಶ್ರಾಂತಿ ತೆಗೆದುಕೊಂಡು ಇನ್ನೊಂದನ್ನು ಎಣಿಸಿದರು. ಉಳಿದದ್ದು ಎಲ್ಲಕ್ಕಿಂತ ಆಳದ ಸಾಲು. ಅಷ್ಟರಲ್ಲಿ, ದಿನಕ್ಕೆ ಆಳದಲ್ಲಿ ಇಷ್ಟೇ ಹೊತ್ತು ಎಂದು ಯಾಸ್ನಾ ಪಾಲಿಸುತ್ತಿದ್ದ ಮಿತಿ ಮುಗಿದಿತ್ತು.

"ಸಾಕು ಅಣ್ಣ. ಇನ್ನೊಂದು ದಿನ ನೋಡೋಣ," ಎಂದಳು.

"ಇನ್ನೊಂದು ದಿನ ಯಾವಾಗ? ಆಗಸ್ಟಲ್ಲಾ? ನಿಮ್ ಪ್ರೊಫೆಸರು ಅಲ್ಲೀವರ್ಗೂ ನಿಮ್ಮನ್ನ ಬಿಡ್ತಾರಾ?"

"ಬೇಡ ಅಂದ್ನಲ್ಲ."

"ಚಿಪ್ಪು ತೆಗೆಯೋವಾಗ ದಿನಕ್ಕೆ ಎಷ್ಟು ಸಲ ಇಳ್ದಿದೀನಿ ಗೊತ್ತಾ ಡಾಕ್ಟ್ರಮ್ಮ? ನೀವು ಚಹಾ ಕುಡೀರಿ, ಬಂದೆ."

ಅವನು ದೋಣಿಯ ಕಂಪ್ರೆಸರಿನಿಂದ ಬರುವ ಗಾಳಿಪೈಪು ಬಾಯಿಗೆ ಕಚ್ಚಿ ಇಳಿದ. ಬಹಳ ಹೊತ್ತು ಕೆಳಗಿದ್ದ. ಮೇಲೆ ಬಂದವನು ಲೆಕ್ಕ ಒಪ್ಪಿಸಿದ, ಬ್ರೆಡ್ಡು ತಿಂದ. ದಡದ ಹತ್ತಿರ ಬರುವಾಗ ತೋಳು ತುರಿಸುತ್ತಿದೆ ಎಂದ, ಆಮೇಲೆ ಕಾಲು ಜೋಮು ಹಿಡಿಯುತ್ತಿದೆ ಎಂದ. ದೋಣಿಯಿಂದ ಮೊಣಕಾಲುದ್ದ ನೀರಿಗೆ ಕಾಲಿಟ್ಟವನು ಹಾಗೇ ಕುಸಿದು ಕೂತ. ಜಾರಿ ಬಿದ್ದನೆಂದು ನಾನು ಅಂಗಡಿಯ ಬಾಗಿಲಲ್ಲಿ ನಿಂತು ನಕ್ಕೆ. ಅವನೂ ನಗುತ್ತಿದ್ದ. ಆದರೆ ಏಳಲಿಲ್ಲ.

ಆಳದಲ್ಲಿ ಬಹಳ ಹೊತ್ತಿದ್ದು ಮೇಲೆ ಬಂದವರ ರಕ್ತದಲ್ಲಿ ಗಾಳಿಗುಳ್ಳೆ ಏಳುವ ಒತ್ತಡದ ರೋಗ ನಮ್ಮ ಕೊಲ್ಲಿಗೆ ಹೊಸದಲ್ಲ. ಮರಳಿನ ಮೇಲೆ ಮಲಗಿಸಿದಾಗಲೇ ವಾಲ್ದೋ ಕಂಪ್ರೆಸರ್ ಮತ್ತೆ ಶುರು ಮಾಡಲು ಓಡಿದ.

"ತಿರುಗಿ ನೀರಿಗೆ ಇಳಿಸೋಣ. ನಮ್ಮಪ್ಪನ್ನ ಉಳಿಸಿದ್ದು ಹಂಗೇ. ಆಳಕ್ಕೆ ಕರ್ಕೊಂಡ್ಹೋಗಿ ನಿಧಾನಕ್ಕೆ ಮೇಲೆ ತರೋದು."

"ಬೇಡ," ಎಂದಳು ಯಾಸ್ನಾ. ಈ ಸಲ ಗಟ್ಟಿಯಾಗಿಯೇ ಹೇಳಿದಳು. "ಕಾಲೇ ಬರ್ತಿಲ್ಲ. ಕೆಳಗೆ ಪ್ರಜ್ಞೆ ತಪ್ಪಿದ್ರೆ ಹೆಣವೇ ಮೇಲೆ ಬರೋದು. ಆಂಬುಲೆನ್ಸ್ ಕರೀರಿ."

"ಆಂಬುಲೆನ್ಸ್ ಬರೋಷ್ಟರಲ್ಲಿ ಇವನ ಕತೆ ಮುಗಿದಿರುತ್ತೆ."

ಇಬ್ಬರೂ ನನ್ನ ಮುಖ ನೋಡಿದರು. ಅವನಿಗೆ ಹೆಂಡತಿ ಮಕ್ಕಳಿಲ್ಲ, ನಾನೇ ದಿಕ್ಕು. ಆಂಬುಲೆನ್ಸ್ ಎಂದೆ.

ಅದು ಬರುವಾಗ ಮಧ್ಯಾಹ್ನ ಇಳಿದಿತ್ತು. ಮೊದಲು ಪಟ್ಟಣದ ಆಸ್ಪತ್ರೆ. ಈ ರೋಗಕ್ಕೆ ಚಿಕಿತ್ಸೆ ಕೊಡುವ ಒತ್ತಡದ ಗಾಳಿಯ ಕೋಣೆ ಅಲ್ಲಿ ಇಲ್ಲ. ಅದಿರುವುದು ಉತ್ತರದ ಬಂದರಿನಲ್ಲಿ. ಅಲ್ಲಿಗೆ ಹೋಗಲು ಬೇರೆ ಗಾಡಿ, ಬೇರೆ ಅಪ್ಪಣೆ. ದಾರಿಯುದ್ದಕ್ಕೂ ಯಾಸ್ನಾ ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಚಿವುಟುತ್ತಾ, "ಗೊತ್ತಾಗ್ತಿದೆಯಾ ಅಣ್ಣ, ಇಲ್ಲಿ ಗೊತ್ತಾಗ್ತಿದೆಯಾ?" ಎಂದು ಕೇಳುತ್ತಲೇ ಇದ್ದಳು. ಮೊದಮೊದಲು ಅವನು ಇಲ್ಲ ಎನ್ನುತ್ತಿದ್ದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಬಂದರಿನ ವೈದ್ಯ ವಯಸ್ಸಾದವನು, ಮುಚ್ಚುಮರೆ ಇಲ್ಲದವನು. "ನೀರಿಗೆ ಇಳಿಸಿದ್ರೆ ಸಾಯ್ತಿದ್ನೋ ಏನೋ. ಬೇಗ ಕರ್ಕೊಂಡು ಬಂದಿದ್ರೆ ನಡೀತಿದ್ನೋ ಏನೋ. ಎರಡನ್ನೂ ಖಂಡಿತವಾಗಿ ಹೇಳಕ್ಕಾಗಲ್ಲ ತಾಯಿ," ಎಂದ. ಆದರೆ ಊರಿನವರು ಖಂಡಿತವಾಗಿ ಹೇಳುತ್ತಿದ್ದರು. ಇಳಿಸಿದ್ದರೆ ಇವತ್ತು ಓಡಾಡಿಕೊಂಡಿರುತ್ತಿದ್ದ, ಓದಿದವಳು ಅಡ್ಡ ಬಂದಳು ಎಂದು.

ಎರಡು ವಾರ ಕಳೆದ ಮೇಲೆ ಪ್ರೊಫೆಸರ್ ಬರ್ನಾಲೆಸ್ ತಾನೇ ಕಾರು ಓಡಿಸಿಕೊಂಡು ಬಂದ. ಬಿಳಿ ಗಡ್ಡ, ಮೃದು ಮಾತು. ನನ್ನ ಎರಡೂ ಕೈ ಹಿಡಿದು ದುಃಖ ಹೇಳಿದ. ಆ ದುಃಖ ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಆಮೇಲೆ ಮೂಲೆಯ ಮೇಜಿಗೆ ಹೋಗಿ ಯಾಸ್ನಾಳ ಎದುರು ಕೂತ. ನಾನು ಒಳಗೆ ಮೀನಿನ ಚರ್ಮ ಸುಲಿಯುತ್ತಿದ್ದೆ. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ.

"ಕಡಲಿನ ಅಪಘಾತ ವಿಚಾರಿಸೋ ನೌಕಾ ಅಧಿಕಾರಿ ನಿನ್ನನ್ನ ಕರೀತಾರೆ. ಎಲಿಯೆಸರ್ ಯೋಜನೆಯ ಲೆಕ್ಕದಲ್ಲಿ ಇಲ್ಲ ಯಾಸ್ನಾ. ವಿಮೆ ಇಲ್ಲದವನನ್ನ ನಾವು ನೀರಿಗೆ ಇಳಿಸಿದ್ವಿ ಅಂತಾದ್ರೆ ಎಲ್ಲ ಮುಚ್ಚಿಹೋಗುತ್ತೆ."

"ನಾವು ಇಳಿಸಿದ್ದು ನಿಜ ತಾನೆ ಸರ್?"

"ಬೆಳಿಗ್ಗೆ ನಮ್ಮ ಕೆಲಸಕ್ಕೆ ಇಳಿದ. ಮೂರನೇ ಸಲ ಅವನಾಗೇ ಇಳಿದ. ಚಿಪ್ಪು ಹುಡುಕೋಕೆ ಹೋಗಿದ್ದ ಅಂದ್ರೆ ಯಾರು ಇಲ್ಲ ಅಂತಾರೆ? ನನ್ನ ಕೈಕೆಳಗೆ ನಿನ್ನ ಥರದವರು ಇನ್ನೂ ಐದು ಜನ ಇದಾರೆ. ಅವರಿಗೂ ಮನೆ ಇದೆ. ಡಿಸೆಂಬರಿಗೆ ಕಾಯಂ ಹುದ್ದೆಯೊಂದು ಖಾಲಿಯಾಗುತ್ತೆ. ಆ ಸಮಿತೀಲಿ ನಾನಿದೀನಿ. ಇದು ಆಮಿಷ ಅಲ್ಲ, ಇರೋ ಮಾತು."

"ಅವನ ಗತಿ?"

"ನಾವೆಲ್ಲ ಸೇರಿ ಏನಾದ್ರೂ ಮಾಡೋಣ. ಸದ್ದಿಲ್ಲದೆ."

ಯಾಸ್ನಾ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ. ಅವನು ಸಾರು ಪೂರ್ತಿ ಕುಡಿದು, ಚೆನ್ನಾಗಿತ್ತು ಎಂದು ಹೇಳಿ ಹೋದ.

ಅವಳು ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು. "ಕೇಳಿಸ್ಕೊಂಡ್ರಾ?"

"ಹಲಗೆ ತೆಳ್ಳಗಿದೆ."

"ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ನಾನು ನೀನಲ್ಲ," ಎಂದೆ. ಕೈಯಲ್ಲಿ ಕತ್ತಿಯಿತ್ತು, ಸಿಟ್ಟೂ ಇತ್ತು. ಆ ಸಿಟ್ಟು ಅವಳ ಮೇಲೂ ಇತ್ತು. ಅವಳು ಕೋಣೆಗೆ ಹೋದಳು.

ವಿಚಾರಣೆಯ ದಿನ ನಾನೂ ಹೋಗಿದ್ದೆ. ಅಧಿಕಾರಿ ಕೇಳಿದ್ದಕ್ಕೆಲ್ಲ ಯಾಸ್ನಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಎಲಿಯೆಸರ್ ಎರಡು ವರ್ಷದಿಂದ ಯೋಜನೆಗೇ ದುಡಿಯುತ್ತಿದ್ದ, ವಿಮೆ ಮಾಡಿಸಿರಲಿಲ್ಲ, ಮೂರು ಸಲವೂ ನಮ್ಮ ಎಣಿಕೆಗೇ ಇಳಿದ. "ಮೂರನೇ ಸಲ ಬೇಡ ಅಂದೆ, ಆದರೆ ತಡೆಯಲಿಲ್ಲ. ನನಗೂ ಆ ಲೆಕ್ಕ ಬೇಕಾಗಿತ್ತು," ಎಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಊರು ಅವಳನ್ನು ಕ್ಷಮಿಸುತ್ತಿತ್ತೇನೋ. ಆದರೆ ಅಧಿಕಾರಿ ಕಂಪ್ರೆಸರ್ ಯಾರದು ಎಂದು ಕೇಳಿದ. ಅವಳು ವಾಲ್ದೋನ ಹೆಸರು ಹೇಳಿದಳು. ಮರುವಾರ ನೌಕಾಪಡೆಯವರು ಬಂದು ಎಲ್ಲ ದೋಣಿಗಳನ್ನೂ ತಪಾಸಣೆ ಮಾಡಿದರು. ಕಂಪ್ರೆಸರುಗಳಿಗೆ ತುಕ್ಕು, ಪೈಪುಗಳಿಗೆ ತೇಪೆ, ಮುಳುಗುವವರಲ್ಲಿ ಅರ್ಧ ಜನಕ್ಕೆ ಪರವಾನಗಿಯೇ ಇಲ್ಲ. ಮುಂದಿನ ಆದೇಶದವರೆಗೆ ಬ್ಲಾಂಕಿಯಾದಲ್ಲಿ ಯಾರೂ ಮುಳುಗುವಂತಿಲ್ಲ ಎಂದು ಬೋರ್ಡು ಹೊಡೆದರು. ಆಗಲೇ ಚಿಪ್ಪಿನ ಹಂಗಾಮು ಶುರುವಾಗುವುದಿತ್ತು. ಇಡೀ ವರ್ಷದ ಅನ್ನ ನಮಗೆ ಆ ತಿಂಗಳುಗಳಲ್ಲೇ.

ಅವಳು ಒಳಗೆ ಬಂದರೆ ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು. ಒಂದು ದಿನ ವಾಲ್ದೋ ಎಲ್ಲರಿಗೂ ಕೇಳುವಂತೆ ನನ್ನನ್ನು ಕೇಳಿದ, "ಯಾಕಕ್ಕ, ಇನ್ನೂ ಈ ಮಹಾತಾಯಿಗೆ ಬಡಿಸ್ತಿದೀಯಾ? ನಿನ್ ತಮ್ಮನ ಕಾಲು ತಿಂದ್ಲು, ನಮ್ಮ ತಟ್ಟೆ ತಿಂದ್ಲು. ಇನ್ನೂ ಹೊಟ್ಟೆ ತುಂಬಿಲ್ವಂತಾ?"

"ಬಾಡಿಗೆ ಕೊಡ್ತಾಳೆ," ಎಂದೆ. ಅದಕ್ಕಿಂತ ಒಳ್ಳೆಯ ಮಾತು ನನ್ನ ಬಾಯಲ್ಲಿ ಬರಲಿಲ್ಲ.

ವಿಶ್ವವಿದ್ಯಾಲಯ ಎಲಿಯೆಸರನಿಗೆ ಪರಿಹಾರ ಕೊಡಬೇಕಾಯಿತು. ಚಿಕಿತ್ಸೆಯ ಖರ್ಚು ಕೊಟ್ಟರು, ಗಾಲಿಕುರ್ಚಿ ಬಂತು. ಯೋಜನೆ ನಿಂತಿತು. ಯಾಸ್ನಾಳ ಗುತ್ತಿಗೆ ಡಿಸೆಂಬರಿಗೆ ಮುಗಿಯುತ್ತದೆ, ಮುಂದುವರಿಯುವುದಿಲ್ಲ ಎಂದು ಎರಡು ಸಾಲು ಬರೆದು ಕಳಿಸಿದರು. ಬೇರೆ ಕಡೆ ಅರ್ಜಿ ಹಾಕಿದಳು. ಮೊದಲು ಆದರದಿಂದ ಮಾತಾಡಿದವರು ಬರ್ನಾಲೆಸ್‌ನನ್ನು ವಿಚಾರಿಸಿದ ಮೇಲೆ ತಣ್ಣಗಾಗುತ್ತಿದ್ದರು.

ಕ್ರಿಸ್‌ಮಸ್‌ಗೆ ಮುಂಚೆ ಮುಳುಗುವುದಕ್ಕೆ ಮತ್ತೆ ಅನುಮತಿ ಸಿಕ್ಕಿತು. ಆಗ ಹಂಗಾಮು ಮುಗಿದಿತ್ತು. ಹಸಿದವರು ಕೈಗೆ ಸಿಕ್ಕಿದ್ದನ್ನು ಕಿತ್ತರು. ಮೂರು ದಿನದಲ್ಲಿ ಹುಯಿರೊ ರಾಶಿರಾಶಿಯಾಗಿ ಮರಳಿನ ಮೇಲೆ ಒಣಗುತ್ತಿತ್ತು. ಬುಡದಲ್ಲಿ ಹಳದಿ ಚೀಟಿಗಳು ಹಾಗೇ ಇದ್ದವು. ಲಾರಿ ಬಂದು ನಿಂತಿತ್ತು. ವಾಲ್ದೋ ನನ್ನ ಕಿಟಕಿಗೆ ಬಂದ.

"ಡಾಕ್ಟ್ರಮ್ಮಂಗೆ ಹೇಳು. ಬೆಳೆ ಭರ್ಜರಿಯಾಗಿ ಬಂದಿತ್ತು ಅಂತ."

ಯಾಸ್ನಾ ಒಳಗೇ ಕೂತಿದ್ದಳು. ಕೇಳಿಸಿಕೊಂಡಳು. ಹೊರಗೆ ಹೋಗಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ನಿಧಾನವಾಗಿ ತಿಂದು ಮುಗಿಸಿ, ತಟ್ಟೆ ತೊಳೆದಿಟ್ಟಳು.

ಹೊರಡುವ ದಿನ ಎಲಿಯೆಸರನ ಕೋಣೆಗೆ ಬಂದಳು. ಅಷ್ಟು ದಿನ ಅವನು ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಅಂದು ಬರಲಿ ಎಂದ. ಸ್ಟೂಲಿನ ಮೇಲೆ ಕೂತಳು. ಅವನೇ ಮಾತು ಶುರು ಮಾಡಿದ.

"ನೀವು ನಿಜ ಹೇಳಿದ್ರಿ, ನನಗೆ ಕುರ್ಚಿ ಬಂತು. ವಾಲ್ದೋ ಮನೇಲಿ ಒಲೆ ಆರ್ತು."

"ನಾನು ಏನ್ ಮಾಡ್ಬೇಕಿತ್ತು ಅಣ್ಣ?"

"ಅವತ್ತು ಬೇಡ ಅನ್ಬೇಕಿತ್ತು."

"ಅಂದೆ."

"ಗಟ್ಟಿಯಾಗಿ ಅನ್ಬೇಕಿತ್ತು."

ಅವಳು ತಲೆ ತಗ್ಗಿಸಿದಳು. "ನಾನೂ ಕೇಳ್ತಿರ್ಲಿಲ್ಲ ಬಿಡಿ," ಎಂದ. ಅವಳು ಕೈ ಚಾಚಿದಳು. ಅವನ ಕೈಗಳು ಹೊದಿಕೆಯ ಮೇಲೇ ಇದ್ದವು.

ಬಸ್ಸಿನವರೆಗೆ ನಾನು ಹೋದೆ. ಪೆಟ್ಟಿಗೆ ಭಾರವಿತ್ತು, ಬೇರೆ ಯಾರೂ ಬರುವವರಿರಲಿಲ್ಲ. ಹೆದ್ದಾರಿಯಲ್ಲಿ ಬಿಸಿಲು ಸುಡುತ್ತಿತ್ತು. ಅವಳ ಊರಿನ ಶಾಲೆಯೊಂದರಲ್ಲಿ ಹೆರಿಗೆ ರಜೆಗೆ ಹೋದ ಟೀಚರ ಜಾಗ ಸಿಕ್ಕಿದೆ ಎಂದಳು. ಮೇ ತನಕ.

"ಆಮೇಲೆ?"

"ಗೊತ್ತಿಲ್ಲ." ಬಸ್ಸು ದೂರದಲ್ಲಿ ಕಂಡಿತು. "ನನ್ ಮೇಲೆ ಸಿಟ್ಟಿದೆಯಾ ನೋಲ್ಫಕ್ಕ?"

"ಇದೆ," ಎಂದೆ. "ದಾರೀಲಿ ತಿನ್ನಕ್ಕೆ ಏನಾದ್ರೂ ಇಟ್ಕೊಂಡಿದೀಯಾ?"

ಇಲ್ಲವೆಂದು ತಲೆಯಾಡಿಸಿದಳು. ನಾನೂ ಏನೂ ತಂದಿರಲಿಲ್ಲ. ಪೆಟ್ಟಿಗೆಯನ್ನು ಇಬ್ಬರೂ ಸೇರಿ ಎತ್ತಿ ಹಾಕಿದೆವು, ಬಸ್ಸು ಹೋಯಿತು.

ಮನೆಗೆ ಬರುವಾಗ ಹೊತ್ತು ಮೀರಿತ್ತು. ಎಲಿಯೆಸರನ ಮಗ್ಗುಲು ಬದಲಿಸುವ ಸಮಯ ದಾಟಿತ್ತು. ಹೊತ್ತಿಗೆ ಸರಿಯಾಗಿ ಹೊರಳಿಸದಿದ್ದರೆ ಮಲಗಿ ಮಲಗಿ ಆದ ಸೊಂಟದ ಹುಣ್ಣು ಬಾಯಿ ಬಿಡುತ್ತದೆ. ಅವನ ಹೆಗಲ ಕೆಳಗೆ ಕೈ ಕೊಟ್ಟು, ಇನ್ನೊಂದು ಕೈಯಿಂದ ಕಾಲುಗಳನ್ನು ಎಳೆದೆ. ಅವು ತೂಕವಾಗಿದ್ದವು, ತಣ್ಣಗಿದ್ದವು.

"ಹೋದ್ಲಾ?" ಎಂದು ಕೇಳಿದ.

"ಹೋದ್ಲು."

ನಾನು ಬಿಸಿನೀರು ತಂದು ಹುಣ್ಣು ತೊಳೆಯಲು ಕೂತೆ.