ಕಾಲರಿನ ಮೂಲೆ

"ಇನ್ನೊಂದ್ಸಲ ಹೇಳಮ್ಮ," ಎಂದು ನಾಟಕದ ಟೀಚರ್ ಕಿರಿಸೊಸೆಯನ್ನು ಮತ್ತೆ ಕೇಳಿದಾಗ ಹಿರಿಸೊಸೆ ಹಲ್ಲು ಕಚ್ಚಿಕೊಂಡು ಹೊಲಿಗೆ ಮಿಷನ್ನನ್ನು ಜೋರಾಗಿ ತುಳಿದಳು. ಮಕ್ಕಳ ನಾಟಕಕ್ಕೆ ಉಡುಪು ಹೊಲಿಸಲು ಬಂದವರು ಅಳತೆ ಕೊಟ್ಟು ತಮ್ಮ ಪಾಡಿಗೆ ಹೋಗಬಾರದೇ? ಗುಂಡಿಗೆ ಕಾಜಾ ಹಾಕುತ್ತ ಗುನುಗುತ್ತಿದ್ದ ಅವಳ ಎದುರು ಸ್ಟೂಲು ಎಳೆದುಕೊಂಡು ಕೂತೇಬಿಟ್ಟಿದ್ದರು. ಕೊನೆಗೆ, ಈ ಧಾಟಿ ನಮ್ಮ ನಾಟಕಕ್ಕೇ ಬೇಕು ಎಂದರು. ಎಲ್ಲಿ ಕಲಿತದ್ದು ಎಂದು ಕೇಳಿದ್ದಕ್ಕೆ ಕಿರಿಯವಳು, ಎಲ್ಲಾ ನಮ್ಮಕ್ಕಂದೇ ಎಂದು ಓರಗಿತ್ತಿಯ ಕಡೆ ಕೈ ತೋರಿಸಿದಳು. ಬೆಣ್ಣೆ ಹಚ್ಚುವುದರಲ್ಲಿ ಇವಳದು ಎತ್ತಿದ ಕೈ! ಹಿರಿಯವಳು ತಲೆಯನ್ನೇ ಎತ್ತಲಿಲ್ಲ.

ಹೊರಡುವಾಗ ಟೀಚರ್ ಗಾಯದ ಮೇಲೆ ಉಪ್ಪು ಸವರಿ ಹೋದರು. "ನಿಮಗೆ ಪಿಟೀಲು ಬರುತ್ತಂತಲ್ಲ. ಇವರು ಹಾಡುವಾಗ ಹಿಂದೆ ಸ್ವಲ್ಪ ನುಡಿಸಿಬಿಡಿ."

ಹಿಂದೆ! ಯಾರ ಹಿಂದೆ ಯಾರು? ಮದುವೆಗೆ ಮುಂಚೆ ಬೆರಳ ತುದಿ ಗಟ್ಟಿಯಾಗುವಷ್ಟು ವರ್ಷ ಪಿಟೀಲು ಕಲಿತವಳು ಅವಳು. ಹೇಳಿಕೊಟ್ಟದ್ದನ್ನು ಕೂದಲೆಳೆಯಷ್ಟೂ ತಪ್ಪದೆ ನುಡಿಸ್ತೀಯ, ಆದರೆ ನಿನ್ನದು ಅಂತ ಏನೂ ಇಲ್ಲವಲ್ಲ ತಾಯಿ ಎಂದು ಮೇಷ್ಟ್ರು ಒಮ್ಮೆ ಎಲ್ಲರೆದುರು ನಕ್ಕಿದ್ದರು. ಆ ನಗು ಮುಳ್ಳಿನಂತೆ ಒಳಗೇ ಉಳಿಯಿತು. ಪಿಟೀಲು ಬೀರುವಿನ ಮೇಲೇರಿತು. ಈಗ ನೋಡಿದರೆ, ಸರಿಗಮದ ಗಂಧಗಾಳಿಯಿಲ್ಲದ ಇವಳ ಬಾಯಲ್ಲಿ ಧಾಟಿ ತಾನಾಗಿ ಬಂದು ಕೂತಿದೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ಅವಳಿಗೆ ಆ ವಾರವೆಲ್ಲ ಉರಿಯಿತು.

ಆದರೂ ಒಪ್ಪಿಕೊಂಡಳು, ಒಂದೇ ಒಂದು ಆಸೆಗೆ. ಆ ಧಾಟಿಯಲ್ಲೊಂದು ತಪ್ಪಿತ್ತು. ಸಲೀಸಾಗಿ ಸಾಗುತ್ತಿದ್ದದ್ದು ನಡುವೆ ತಟ್ಟನೆ ನಿಂತು, ತಾಳಕ್ಕೆ ಸಿಗದೆ, ಬೇರೆಯೇ ಕಡೆಗೆ ತಿರುಗುತ್ತಿತ್ತು. ಅದನ್ನು ಟೀಚರ್ ಎದುರಿಗೇ ಎತ್ತಿ ಆಡಬೇಕು, ಕಲಿತವರು ಯಾರು, ಕಲಿಯದವರು ಯಾರು ಅಂತ ಗೊತ್ತಾಗಲಿ.

ಅಭ್ಯಾಸಕ್ಕೆ ಟೀಚರ್ ಇವರ ಹೊಲಿಗೆ ಅಂಗಡಿಗೇ ಬಂದರು. ಕಿರಿಯವಳು ತೊಡೆಯ ಮೇಲಿನ ಅಂಗಿಗೆ ಕಾಜಾ ಹಾಕುತ್ತಲೇ ಹಾಡತೊಡಗಿದಳು. ಆ ಜಾಗ ಬಂತು, ನಿಂತಳು. ಜೊತೆಗೆ ನುಡಿಸುತ್ತಿದ್ದ ಹಿರಿಯವಳು ಪಿಟೀಲಿನ ಕಮಾನು ಕೆಳಗಿಳಿಸಿದಳು.

"ಇಲ್ಲಿ ತಾಳ ತಪ್ತು ನೋಡು. ಯಾಕೆ ನಿಲ್ಲಿಸ್ತೀಯ? ಕಲೀದೆ ಹಾಡಿದ್ರೆ ಹೀಗೇ ಆಗೋದು."

ಕಿರಿಯವಳು ಪಿಳಿಪಿಳಿ ಕಣ್ಣು ಬಿಟ್ಟಳು. "ಅಲ್ಲಕ್ಕಾ, ನೀವೂ ಅಲ್ಲೇ ತಾನೇ ನಿಲ್ಲಿಸೋದು?"

"ನಾನಾ?"

"ಕಾಲರ್ ಹೊಲೀವಾಗ. ಮೂಲೆ ಬಂದ್ರೆ ಸೂಜಿ ಬಟ್ಟೇಲೇ ಬಿಟ್ಟು, ಮಿಷನ್ನಿನ ಕಾಲೆತ್ತಿ, ಬಟ್ಟೆ ತಿರುಗಿಸ್ತೀರಲ್ಲ, ಆಗ ನೀವು ಗುನುಗೋ ಹಾಡೂ ನಿಲ್ಲುತ್ತೆ. ತಿರುಗಿಸಿದ್ಮೇಲೆ ಮತ್ತೆ ಶುರು. ನಿಮ್ಮ ಮೇಷ್ಟ್ರು ಹಾಗೇ ಹೇಳ್ಕೊಟ್ಟಿರಬೇಕು ಅಂದ್ಕೊಂಡಿದ್ದೆ. ದಿನಾ ನಿಮ್ಮ ಬೆನ್ನ ಹಿಂದೇನೇ ಕೂತು ಕೇಳ್ತೀನಲ್ಲ."

ಮೇಷ್ಟ್ರು ಅಂಥದ್ದನ್ನು ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಮಿಷನ್ನಿನ ಕಟಕಟದಲ್ಲಿ ತಾನು ಗುನುಗುತ್ತಿದ್ದದ್ದು ತನಗೇ ಕೇಳಿಸಿರಲಿಲ್ಲ. ಇಷ್ಟು ದಿನ ಅವಳು ಹೊಟ್ಟೆಕಿಚ್ಚುಪಟ್ಟದ್ದು ತನ್ನದೇ ಧಾಟಿಯ ಮೇಲೆ. ಅವಳಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಸಂತೋಷವೂ ಆಯಿತು.

"ಮೂಲೆ ಆದ್ಮೇಲೆ?" ಎಂದು ಕೇಳಿದಳು.

"ನಂಗೆ ಬರೋದು ಅಷ್ಟೇ. ಆಮೇಲೆ ಮೊದಲಿಂದ ಹೇಳ್ತೀನಿ."

ಹಿರಿಯವಳು ಪಿಟೀಲನ್ನು ಹೆಗಲಿಗೇರಿಸಿದಳು. ಮೂಲೆ ಬಂದಾಗ ಕಮಾನು ತಂತಿಯ ಮೇಲೇ ನಿಂತಿತು. ಇಲ್ಲದ ಪೆಡಲನ್ನು ತುಳಿಯುತ್ತಿದ್ದ ಪಾದವೂ ನಿಂತಿತು. ಬಟ್ಟೆಯಂತೆ ಧಾಟಿಯನ್ನು ತಿರುಗಿಸಿದಳು. ಓರಗಿತ್ತಿ ಮುಗಿಸುತ್ತಿದ್ದ ಜಾಗ ದಾಟಿ ಮುಂದಕ್ಕೆ ಹೋದಳು. ಒಂದು ಕಾಲರಿಗೆ ಎರಡು ಮೂಲೆ. ಎರಡನೆಯದರಲ್ಲೂ ನಿಂತು ತಿರುಗಿದಾಗ ಬಂದದ್ದು ಅವಳಿಗೂ ಹೊಸದು, ಆದರೆ ಕೈ ಎಲ್ಲೂ ಅನುಮಾನಿಸಲಿಲ್ಲ.

ಟೀಚರ್ ಸ್ಟೂಲನ್ನು ಇತ್ತ ತಿರುಗಿಸಿಕೊಂಡು ಕೂತಿದ್ದರು. "ಇನ್ನೊಂದ್ಸಲ," ಎಂದರು.

ಹಿರಿಯವಳು ಕಮಾನು ಎತ್ತುತ್ತ ಪಕ್ಕಕ್ಕೆ ಕಣ್ಣು ಹಾಯಿಸಿದಳು. ಕಿರಿಯವಳ ತುಟಿ ಬಿಗಿದಿತ್ತು. ಆ ಮುಖ ಹಿರಿಯವಳಿಗೆ ಚೆನ್ನಾಗಿ ಪರಿಚಯವಿದ್ದ ಮುಖ, ವಾರವೆಲ್ಲ ತಾನೇ ಹೊತ್ತು ತಿರುಗಿದ್ದು. ಕಿರಿಯವಳು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು. ದಾರ ಹೋಗುತ್ತಿರಲಿಲ್ಲ.