ಗೂಬೆಯ ಎದೆಯೊಳಗಿನ ಸದ್ದು

ಕಾಲೇಜು ಮ್ಯೂಸಿಯಮ್ ನೋಡಿಕೊಳ್ಳುವ ಶೋಭಾರಾಣಿ ಮೇಡಂ ಗೂಬೆ ಒಯ್ಯಲು ಹತ್ತು ಗಂಟೆಗೆ ವ್ಯಾನ್ ತರುವವರಿದ್ದರು. ಬೆಳಗ್ಗೆ ಎದ್ದು ನೋಡಿದರೆ ನನ್ನ ಗೂಬೆಯ ಎದೆಯೊಳಗೆ ಕರಕರ ಸದ್ದು!

ಶಿಡ್ಲಘಟ್ಟದ ನಮ್ಮ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಹುಲ್ಲು ತುಂಬಿದ ಬಿಳಿ ಗೂಬೆಯೊಂದಿತ್ತು. ಹುಳ ಹಿಡಿದು ಅದರ ರೆಕ್ಕೆ ಉದುರಿದಾಗ, ಆ ಗಾಜಿನ ಪೆಟ್ಟಿಗೆಗೆ ರೇಷ್ಮೆಗೂಡುಗಳಿಂದಲೇ ಗೂಬೆ ಮಾಡಿಕೊಡುತ್ತೇನೆಂದು ಹಠ ಹಿಡಿದವಳು ನಾನು. 'ಇವಳ ಕೈಲೆಲ್ಲಿ ಆಗ್ತದೆ' ಎಂದು ನಕ್ಕವರ ಬಾಯಿ ಮುಚ್ಚಿಸಬೇಕಿತ್ತು. ಪೆಟ್ಟಿಗೆಯ ಕೆಳಗೆ 'ಯಶೋಧರಾ' ಎಂದು ಹೆಸರು ಹಾಕಿಸಲು ಮೇಡಂ ಒಪ್ಪಿದ್ದರು. ಒಂದೇ ಷರತ್ತು: ಜೀವವಿರುವ ಹುಳು ಯಾವುದೂ ಒಳಗೆ ಬರಕೂಡದು. ಅಲ್ಲಿರುವ ಉಳಿದ ಹಕ್ಕಿಗಳನ್ನಾದರೂ ಹುಳದಿಂದ ಉಳಿಸಿಕೊಳ್ಳಬೇಕಲ್ಲ.

"ಅಮ್ಮಾ, ಒಳಗಿನ ಹುಳ ಸಾಯೋ ಹಾಗೆ ಗೂಡಿಗೆ ಆವಿ ಕೊಡಿಸಿದ್ದೆ ತಾನೆ?"

ಅಮ್ಮ ರೇಷ್ಮೆ ಬಿಚ್ಚಾಣಿಕೆಯವಳು. ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅವಳ ಬೆರಳು ಬಿಳಿಚಿಕೊಂಡಿವೆ. "ಆವಿ ಕೊಟ್ರೆ ಹೊಳಪು ಹೋಗ್ತದೆ ಅಂತ ಹಸೀ ಗೂಡೇ ಆರಿಸ್ಕೊಂಡು ಬಂದೆ ಕಣಮ್ಮ. ನಾವು ತಂದಿದ್ದು ಮಾರನೇ ದಿನಕ್ಕೇ ನೀರಿಗೆ ಹಾಕ್ತೀವಿ. ಇಷ್ಟು ದಿನ ಯಾರು ಇಟ್ಕೊಂತಾರೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಹೊಳಪಿಗಿಷ್ಟು ಬೆಂಕಿ ಹಾಕ!" ಎಂದು ಕೂಗಿದೆ.

"ಬಾ, ಬಾಯ್ಲರ್ ಕೋಣೆಲಿ ಇಡಣ. ಶಾಖಕ್ಕೆ ಎಲ್ಲಾ ಸತ್ತೋಗ್ತವೆ."

ಇಬ್ಬರೂ ಗೂಬೆಯನ್ನು ಎತ್ತಿಕೊಂಡು ಹಿಂದಿನ ಬೀದಿಯಲ್ಲಿ ಅಮ್ಮ ಕೆಲಸ ಮಾಡುವ ಬಿಚ್ಚಾಣಿಕೆ ಘಟಕಕ್ಕೆ ಓಡಿದೆವು. ಬಾಯ್ಲರ್ ಕೋಣೆಯ ಬಾಗಿಲಲ್ಲಿ ಅಮ್ಮ ಗಕ್ಕನೆ ನಿಂತಳು. ಗೂಬೆಯ ಎದೆಯ ಒಂದು ಗೂಡು ಒದ್ದೆಯಾಗಿ ತೂತು ಬಿದ್ದಿತ್ತು. ಮೊದಲು ತಲೆ ಬಂತು, ಆಮೇಲೆ ಕಾಲು, ಕೊನೆಗೆ ಮುದುಡಿದ ರೆಕ್ಕೆ.

"ನಡಿಯಮ್ಮ, ಹೊತ್ತಾಯ್ತು!"

"ತಾಳೇ..." ಅಮ್ಮ ಗೂಬೆಯ ಸಮೇತ ನೆಲದಲ್ಲೇ ಕುಳಿತುಬಿಟ್ಟಳು. "ಬುದ್ಧಿ ಬಂದಾಗಿಂದ ಇವನ್ನ ಬೇಯಿಸ್ತಾನೇ ಇದೀನಿ. ಚಿಟ್ಟೆ ಹೊರಗೆ ಬರೋದು ಒಂದ್ಸಲಾನೂ ನೋಡಿರ್ಲಿಲ್ಲ."

ನಾನು ಎಳೆದೆ, ಅವಳು ಬಿಡಲಿಲ್ಲ. ಇನ್ನೊಂದು ಸಲ ಜೋರಾಗಿ ಎಳೆದಿದ್ದರೆ ಕಿತ್ತುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳ ಮುಖ ನೋಡಿಬಿಟ್ಟೆ. ನಾನು ಮಾಡಿದ ಯಾವುದನ್ನೂ ಅಮ್ಮ ಹಾಗೆ ಕಣ್ಣರಳಿಸಿ ನೋಡಿರಲಿಲ್ಲ. ಆ ಹುಳುವಿನ ಮೇಲೆ ಹೊಟ್ಟೆಕಿಚ್ಚಾಯಿತು. ಕೈ ಬಿಟ್ಟೆ.

ನಮ್ಮ ಬೀದಿಯಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ನಾನೇ ಹೋಗಿ, "ಗೂಡೊಳಗೆ ಜೀವ ಇದೆ ಮೇಡಂ, ಗೂಬೆ ಕೊಡಕ್ಕಾಗಲ್ಲ" ಎಂದೆ. ಪೆಟ್ಟಿಗೆಗೆಂದು ಬರೆಸಿ ತಂದಿದ್ದ ನನ್ನ ಹೆಸರಿನ ಫಲಕವನ್ನು ಅವರು ನನ್ನ ಕೈಗಿಟ್ಟು ಹೊರಟರು.

ಅದನ್ನು ಹಿಡಿದು ಜೋರಾಗಿ ಅಳುತ್ತಾ ಬಾಯ್ಲರ್ ಕೋಣೆಗೆ ಬಂದೆ. ಅಮ್ಮ ತಲೆಯೆತ್ತಲಿಲ್ಲ.

"ಮೆತ್ತಗೆ ಬಾರೇ, ಇನ್ನೊಂದು ಬರ್ತಾ ಐತೆ."